ಕೊಳೆಯದ ದೋಣಿ: ಅಂಗಳದಲ್ಲಿ ಮಗುಚಿ ಬಿದ್ದಿರೋ ಹಳೇ ಫೈಬರ್ ದೋಣಿಯ ಇತಿಹಾಸ



ಇವತ್ತಿನ ಕಥೆ ಒಂದು ಹಳೇ ದೋಣಿಯಿಂದ ಶುರುವಾಗುತ್ತೆ. ಗಂಗೊಳ್ಳಿ ಆಗಲಿ, ಹೊನ್ನಾವರ ಆಗಲಿ, ನಮ್ಮ ಕರಾವಳಿಯ ಅಳಿವೆಗಳ ಹತ್ತಿರ ಒಮ್ಮೆ ಅಡ್ಡಾಡಿ ನೋಡಿ. ಯಾವುದಾದ್ರೂ ಮನೆಯ ಹಿತ್ತಲಲ್ಲಿ, ತೆಂಗಿನ ಬುಡದಲ್ಲಿ, ಮಗುಚಿ ಹಾಕಿರೋ ಒಂದು ಫೈಬರ್ ದೋಣಿ ಕಣ್ಣಿಗೆ ಬೀಳುತ್ತೆ. ಬಣ್ಣ ಮಾಸಿರುತ್ತೆ. ಮೈಮೇಲೆ ಜೇಡನ ಬಲೆ ಥರ ಸಣ್ಣ ಬಿರುಕುಗಳು. ಹಿಂದುಗಡೆ ಎಂಜಿನ್ ಕೂರಿಸ್ತಿದ್ದ ಹಲಗೆ ಹತ್ತಿರ ಕಂದು ನೀರು ಇಳಿದ ಗುರುತು. ಒಳಗಡೆ ಕೋಳಿ ಮೊಟ್ಟೆ ಇಟ್ಟಿದ್ರೂ ಆಶ್ಚರ್ಯ ಇಲ್ಲ.

ಮನೆಯವರನ್ನ ಕೇಳಿದ್ರೆ ಉತ್ತರ ಎರಡೇ. ಒಂದು, "ಸರಿ ಮಾಡಿದ್ರೆ ಇನ್ನೂ ಹತ್ತು ವರ್ಷ ಬರ್ತದೆ." ಇನ್ನೊಂದು, "ಬಿಸಾಡುದು ಎಲ್ಲಿಗೆ?"

ಈ ಎರಡು ಉತ್ತರದ ಹಿಂದೆ ಹೆಚ್ಚುಕಡಿಮೆ ತೊಂಬತ್ತು ವರ್ಷದ ಇತಿಹಾಸ ಇದೆ. ಅಮೆರಿಕದ ಗಾಜಿನ ಕಾರ್ಖಾನೆ, ಎರಡನೇ ಮಹಾಯುದ್ಧ, ಕನ್ಯಾಕುಮಾರಿ ಹತ್ತಿರದ ಒಂದು ದೋಣಿ ಕೇಂದ್ರ, 2004ರ ಸುನಾಮಿ, ಎಲ್ಲವೂ ಆ ದೋಣಿಯ ಮೈಯಲ್ಲಿ ಪದರ ಪದರವಾಗಿ ಕೂತಿವೆ. ಇವತ್ತು ಆ ಪದರಗಳನ್ನ ಒಂದೊಂದಾಗಿ ಬಿಡಿಸೋಣ.

ಮೊದಲು ಮರ ಇತ್ತು

ಫೈಬರ್ ಬರೋಕೆ ಮುಂಚೆ ದೋಣಿ ಅಂದ್ರೆ ಮರ. ಒಂದೇ ಮರ ಕೊರೆದು ಮಾಡೋ ಸಣ್ಣ ಪಾತಿ ದೋಣಿಯಿಂದ ಹಿಡಿದು ರಂಪಣಿ ಬಲೆ ಹೊತ್ತು ಸಾಗ್ತಿದ್ದ ಉದ್ದನೆಯ ದೋಣಿವರೆಗೂ ಎಲ್ಲಾ ಮರದ್ದೇ. ಹೆಬ್ಬಲಸು, ಮಾವು ಇಂಥ ಮರಗಳು. ಹಲಗೆಗಳನ್ನ ಮೊಳೆ ಹೊಡೆದು ಕೂಡಿಸ್ತಿರಲಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲೀತಿದ್ರು. ಹೌದು, ಬಟ್ಟೆ ಹೊಲಿದ ಹಾಗೆ.

14ನೇ ಶತಮಾನದಲ್ಲಿ ಮೊರಾಕೊದಿಂದ ಬಂದ ಯಾತ್ರಿಕ ಇಬ್ನ್ ಬತೂತ ನಮ್ಮ ಹೊನ್ನಾವರದಲ್ಲೂ ಉಳ್ಕೊಂಡಿದ್ದ. ನಾರಿನ ಹಗ್ಗದಿಂದ ಹೊಲಿದ ಹಡಗುಗಳ ಬಗ್ಗೆ ಅವನು ಬರೆದಿದ್ದಾನೆ. ಅವನು ಕೊಡೋ ಕಾರಣ ಇದು: ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದ್ರೆ ಒಡೆದು ಹೋಗುತ್ತೆ, ಹೊಲಿದ ಹಡಗು ಸ್ವಲ್ಪ ಬಾಗಿ ತಡ್ಕೊಳ್ಳುತ್ತೆ.

ಆದ್ರೆ ಮರದ ದೋಣಿಗೆ ಆರೈಕೆ ಜಾಸ್ತಿ. ಬೂತಾಯಿ ಮೀನಿನ ಎಣ್ಣೆ, ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ ಹಚ್ತಾನೇ ಇರಬೇಕು. ಉಪ್ಪುನೀರಲ್ಲಿ ಮರ ಕೊರೆದು ತಿನ್ನೋ ಜೀವಿಗಳು ಬೇರೆ. ಹೊಲಿಗೆ ಬಿಚ್ಚಿ ಮತ್ತೆ ಹೊಲೀಬೇಕು. ಅಂದ್ರೆ ರಿಪೇರಿ ಅನ್ನೋದು ದೋಣಿ ಕೆಟ್ಟಾಗ ಮಾಡೋ ಕೆಲಸ ಆಗಿರಲಿಲ್ಲ, ದೋಣಿ ಇಟ್ಕೊಳ್ಳೋದು ಅಂದ್ರೇನೇ ರಿಪೇರಿ. ಈ ಮಾತು ನೆನಪಿಟ್ಕೊಳ್ಳಿ, ಕೊನೆಗೆ ಮತ್ತೆ ಇಲ್ಲಿಗೇ ಬರ್ತೀವಿ.

ಗಾಜಿನ ದಾರ ಹುಟ್ಟಿದ್ದು

ಈಗ ಅಮೆರಿಕಕ್ಕೆ ಹೋಗೋಣ. 1930ರ ದಶಕ, ಓಹಾಯೊ ರಾಜ್ಯ. ಓವೆನ್ಸ್-ಇಲಿನಾಯ್ ಅನ್ನೋ ಗಾಜಿನ ಕಂಪನಿಯಲ್ಲಿ ಗೇಮ್ಸ್ ಸ್ಲೇಟರ್ ಮತ್ತು ಜೊತೆಗಾರರು ಕರಗಿದ ಗಾಜನ್ನ ಕೂದಲಿಗಿಂತ ಸಣ್ಣ ಎಳೆಗಳಾಗಿ ಎಳೆಯೋ ದಾರಿ ಕಂಡುಹಿಡಿದ್ರು. 1938ರಲ್ಲಿ ಈ ಕಂಪನಿಯೂ ಕಾರ್ನಿಂಗ್ ಕಂಪನಿಯೂ ಸೇರಿ ಓವೆನ್ಸ್-ಕಾರ್ನಿಂಗ್ ಆಯ್ತು. ಮೊದಲು ಈ ಗಾಜಿನ ಉಣ್ಣೆಯನ್ನ ಮನೆ ಗೋಡೆಯೊಳಗೆ ಚಳಿ ತಡೆಯೋಕೆ ತುಂಬ್ತಿದ್ರು. ದೋಣಿ ಯಾರ ತಲೆಯಲ್ಲೂ ಇರಲಿಲ್ಲ.

ಅದೇ ದಶಕದಲ್ಲಿ ಇನ್ನೊಂದು ಕಡೆ ಪಾಲಿಯೆಸ್ಟರ್ ರೆಸಿನ್ ಬಂತು. ಜೇನುತುಪ್ಪದ ಥರ ಸುರಿಯೋ ದ್ರವ, ಸ್ವಲ್ಪ ರಾಸಾಯನಿಕ ಬೆರೆಸಿದ್ರೆ ಗಟ್ಟಿ ಆಗುತ್ತೆ, ಮತ್ತೆ ಕರಗಲ್ಲ.

ಈ ಎರಡನ್ನ ಸೇರಿಸಿದ್ರೆ ಏನಾಗುತ್ತೆ? ನಮ್ಮ ಊರಿನ ಮಣ್ಣಿನ ಗೋಡೆ ನೆನಪಿಸ್ಕೊಳ್ಳಿ. ಬರೀ ಮಣ್ಣು ಒಣಗಿದ್ರೆ ಬಿರುಕು ಬಿಡುತ್ತೆ. ಹುಲ್ಲು ಕಲಸಿದ್ರೆ ಹಿಡ್ಕೊಂಡು ನಿಲ್ಲುತ್ತೆ. ಇಲ್ಲೂ ಅದೇ ಲೆಕ್ಕ. ಗಾಜಿನ ಎಳೆ ಎಳೆತ ತಡೆಯುತ್ತೆ, ರೆಸಿನ್ ಆ ಎಳೆಗಳನ್ನ ಒಟ್ಟಿಗೆ ಹಿಡಿದಿಡುತ್ತೆ. ನಾವು 'ಫೈಬರ್' ಅಂತ ಕರೆಯೋ ವಸ್ತು ಇದೇ. ಕಾಗದದಲ್ಲಿ ಇದರ ಹೆಸರು ಎಫ್‌ಆರ್‌ಪಿ.

ಯುದ್ಧದ ಕಾಲದಲ್ಲಿ ವಿಮಾನದ ರೇಡಾರ್ ಮೇಲೆ ಮುಚ್ಚಳ ಬೇಕಾಯ್ತು. ಲೋಹ ಇಟ್ರೆ ರೇಡಿಯೋ ಅಲೆ ದಾಟಲ್ಲ. ಫೈಬರ್ ಇಟ್ರೆ ದಾಟುತ್ತೆ. ಹೀಗೆ ಈ ವಸ್ತು ಸೈನ್ಯದ ಕೆಲಸಕ್ಕೆ ಬಳಕೆ ಆಯ್ತು. ಅದೇ ಸಮಯದಲ್ಲಿ, 1942ರಲ್ಲಿ, ಓಹಾಯೊದ ಟೊಲೆಡೊ ಊರಲ್ಲಿ ರೇ ಗ್ರೀನ್ ಅನ್ನೋರು ಇದರಲ್ಲೇ ಒಂದು ಹಾಯಿದೋಣಿ ಮಾಡಿದ್ರು. ಫೈಬರ್ ದೋಣಿಗಳ ಇತಿಹಾಸ ಸಾಮಾನ್ಯವಾಗಿ ಅಲ್ಲಿಂದ ಶುರು ಮಾಡ್ತಾರೆ.

ಯುದ್ಧ ಮುಗಿದ ಮೇಲೆ 1950ರ ದಶಕದಲ್ಲಿ ಅಮೆರಿಕದಲ್ಲಿ ಫೈಬರ್ ದೋಣಿಯ ಕಾಲ ಬಂತು. ಒಂದು ಅಚ್ಚು ಮಾಡಿಟ್ರೆ ಸಾಕು, ಅದರಿಂದ ಒಂದೇ ಥರದ ದೋಣಿ ಎಷ್ಟು ಬೇಕಾದ್ರೂ ತೆಗೀಬಹುದು. ವರ್ಷಾನುಗಟ್ಟಲೆ ಕಲಿತ ಬಡಗಿ ಬೇಡ. 1958ರಲ್ಲಿ ಬಾಸ್ಟನ್ ವೇಲರ್ ಅನ್ನೋ ದೋಣಿ ಬಂತು. ಎರಡು ಫೈಬರ್ ಪದರ, ಮಧ್ಯೆ ನೊರೆಯಂಥ ಫೋಮ್. 1961ರಲ್ಲಿ ಅದರ ಮಾಲೀಕ ಡಿಕ್ ಫಿಶರ್ ನೀರಿನ ಮೇಲೇ ದೋಣಿಯನ್ನ ಗರಗಸದಿಂದ ಎರಡು ಹೋಳು ಮಾಡಿಸಿ, ಅರ್ಧ ದೋಣಿಯಲ್ಲಿ ಕೂತ್ಕೊಂಡೇ ಇದ್ದ ಫೋಟೋ ಲೈಫ್ ಪತ್ರಿಕೆಯಲ್ಲಿ ಬಂತು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಆ ಕಾಲದ ವೈರಲ್ ಫೋಟೋ.

ಆಗ ಮಾರಿದ್ದು ಒಂದು ದೊಡ್ಡ ಭರವಸೆ: ಇದು ಕೊಳೆಯಲ್ಲ, ಹುಳ ತಿನ್ನಲ್ಲ, ತುಕ್ಕು ಹಿಡಿಯಲ್ಲ, ಆರೈಕೆ ಬೇಡ. ಮೊದಲ ಮೂರು ಮಾತು ನಿಜ. ನಾಲ್ಕನೇದು ಸುಳ್ಳು. ನಮ್ಮ ಕಥೆಯ ಗಂಟು ಇರೋದು ಅಲ್ಲೇ.

ನಮ್ಮ ಕಡಲಿಗೆ ಬಂದ ದಾರಿ

ನಮ್ಮ ಕಡಲಲ್ಲಿ ಬದಲಾವಣೆ ಎಂಜಿನ್‌ನಿಂದ ಶುರುವಾಯ್ತು. 1952ರಲ್ಲಿ ಭಾರತ, ನಾರ್ವೆ, ವಿಶ್ವಸಂಸ್ಥೆ ಸೇರಿ ಒಪ್ಪಂದ ಮಾಡ್ಕೊಂಡ್ರು. ಕೇರಳದ ಕೊಲ್ಲಂ ಹತ್ತಿರ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಶುರು ಆಯ್ತು. 1960ರ ದಶಕದಲ್ಲಿ ಅದರ ಕೆಲಸ ನಮ್ಮ ಕಾರವಾರಕ್ಕೂ ಬಂತು. ದೋಣಿಗೆ ಯಂತ್ರ ಬಂತು, ಮೈ ಮಾತ್ರ ಇನ್ನೂ ಮರದ್ದೇ.

1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು. ದಡದಿಂದ ಹತ್ತಾರು ಜನ ಸೇರಿ ಎಳೀತಿದ್ದ ರಂಪಣಿ ಬಲೆ ಕೆಲವೇ ವರ್ಷದಲ್ಲಿ ಮೂಲೆ ಸೇರ್ತು. ಊರೆಲ್ಲಾ ಸೇರಿ ಎಳೆದು, ಊರೆಲ್ಲಾ ಹಂಚ್ಕೊಳ್ತಿದ್ದ ಮೀನುಗಾರಿಕೆ ಅದು. ಅದು ಹೋದ ಮೇಲೆ ಸಣ್ಣ ಮೀನುಗಾರನ ಮುಂದೆ ಒಂದು ಪ್ರಶ್ನೆ ನಿಂತ್ಕೊಂಡ್ತು: ದೊಡ್ಡ ಬೋಟು ತಗೊಳ್ಳೋಕೆ ದುಡ್ಡಿಲ್ಲ, ಹಾಗಾದ್ರೆ ಕಡಲಲ್ಲಿ ಉಳಿಯೋದು ಹೇಗೆ?

ಉತ್ತರ ಸಿಕ್ಕಿದ್ದು ಹಿಂದುಗಡೆ ತೂಗುಹಾಕೋ ಔಟ್‌ಬೋರ್ಡ್ ಎಂಜಿನ್‌ನಲ್ಲಿ. ನಾಡದೋಣಿಗೆ ಸೀಮೆಎಣ್ಣೆಯಲ್ಲಿ ಓಡೋ ಎಂಜಿನ್ ಬಂತು. ಆದ್ರೆ ಹುಟ್ಟು ಹಾಕಿ ನಡೆಸೋಕೆ ಮಾಡಿದ ಮರದ ದೋಣಿಗೆ ಎಂಜಿನ್ ನಡುಕ ತಡೆಯೋದು ಕಷ್ಟ. ದೊಡ್ಡ ಮರ ಸಿಗೋದೂ ಕಮ್ಮಿ ಆಯ್ತು, ಸಿಕ್ಕಿದ್ರೆ ಬೆಲೆ ಕೇಳೋ ಹಾಗಿಲ್ಲ.

ಇಲ್ಲಿ ಒಂದು ಚಂದದ ತಿರುವು ಇದೆ. 1980ರ ದಶಕದ ಆರಂಭದಲ್ಲಿ ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿ ಪ್ಲೈವುಡ್ ದೋಣಿ ಮಾಡೋಕೆ ಶುರು ಮಾಡಿದ್ರು. ಪ್ಲೈವುಡ್ ಹಾಳೆಗಳನ್ನ ಅಂಚಿಗೆ ಅಂಚು ಕೂಡಿಸಿ, ತಂತಿಯಿಂದ ಹೊಲಿದು, ಆ ಹೊಲಿಗೆ ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸೋದು. ಗಮನಿಸಿದ್ರಾ? ಇಬ್ನ್ ಬತೂತ ಕಂಡ ಹೊಲಿಗೆಯೇ ತಂತಿಯಾಗಿ, ರೆಸಿನ್ ಆಗಿ ವಾಪಸ್ ಬಂತು. ಕೊಚ್ಚಿಯಲ್ಲಿ 1957ರಲ್ಲಿ ಶುರುವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಕೂಡ ಅಗ್ಗದ ರಬ್ಬರ್ ಮರದ ದೋಣಿಗೆ ಫೈಬರ್ ಹೊದಿಕೆ ಹಾಕಿ ಪ್ರಯೋಗ ಮಾಡ್ತು. ಪೂರ್ವ ಕರಾವಳಿಯಲ್ಲಿ, 1979ರಲ್ಲಿ ಮದ್ರಾಸಿನಲ್ಲಿ ಕಚೇರಿ ತೆರೆದ ಬಂಗಾಳ ಕೊಲ್ಲಿ ಕಾರ್ಯಕ್ರಮ, ಅಲೆ ದಾಟಿ ಸೀದಾ ಮರಳಿಗೆ ಬಂದು ನಿಲ್ಲೋ ದೋಣಿಗಳನ್ನ ರೂಪಿಸ್ತು.

ಮೊದಲು ಮರದ ಮೇಲಿನ ಹೊದಿಕೆ, ಆಮೇಲೆ ಇಡೀ ದೋಣಿಯೇ ಫೈಬರ್. ಆಮೇಲೆ 2004ರ ಡಿಸೆಂಬರ್ 26. ಸುನಾಮಿ ತಮಿಳುನಾಡಿನ ತೀರದಲ್ಲಿ ಸಾವಿರಾರು ದೋಣಿಗಳನ್ನ ನುಂಗಿತು. ನೆರವಿನ ದುಡ್ಡು ಹರಿದು ಬಂತು, ಕಟ್ಟುಮರಗಳ ಜಾಗಕ್ಕೆ ಫೈಬರ್ ದೋಣಿಗಳು ಬಂದವು. ಬೇಗ ಬೇಗ ಕಟ್ಟಿದ ಆ ದೋಣಿಗಳಲ್ಲಿ ಕೆಲವು ತೀರಾ ಕಳಪೆ ಅಂತ ತಜ್ಞರು ಆಗಲೇ ಎಚ್ಚರಿಕೆ ಕೊಟ್ಟಿದ್ರು. ಫೈಬರ್ ವಿಷಯದಲ್ಲಿ ಇದೊಂದು ದೊಡ್ಡ ಪಾಠ: ಒಳ್ಳೇ ದೋಣಿ, ಕೆಟ್ಟ ದೋಣಿ ಎರಡಕ್ಕೂ ಬಣ್ಣ ಬಳಿದ ಮೇಲೆ ಹೊರಗಿಂದ ಒಂದೇ ಮುಖ.

ಫೈಬರ್ ಸುಳ್ಳು ಹೇಳುತ್ತೆ

ಈಗ ಹಿತ್ತಲಿನ ದೋಣಿಗೆ ವಾಪಸ್ ಬರೋಣ. ಅದನ್ನ ಮನೆಯಲ್ಲೇ ಸರಿ ಮಾಡಬೇಕು ಅಂತ ಹೊರಟ್ರೆ ಮೊದಲ ಕೆಲಸ ಗ್ರೈಂಡರ್ ಹಿಡಿಯೋದಲ್ಲ, ಕಿವಿ ಕೊಡೋದು. ಸಣ್ಣ ಸುತ್ತಿಗೆಯಿಂದ ಅಥವಾ ನಾಣ್ಯದಿಂದ ದೋಣಿಯ ಮೈಯೆಲ್ಲಾ ಮೆಲ್ಲಗೆ ತಟ್ತಾ ಹೋಗಿ. 'ಟಣ್' ಅಂದ್ರೆ ಪದರಗಳು ಗಟ್ಟಿಯಾಗಿವೆ. 'ಡಬ್' ಅಂತ ಮಂಕು ಸದ್ದು ಬಂದ್ರೆ ಒಳಗೆ ಪದರ ಬಿಟ್ಟಿದೆ ಅಥವಾ ನೀರು ಕೂತಿದೆ. ಮಾರ್ಕೆಟ್‌ನಲ್ಲಿ ಕಲ್ಲಂಗಡಿ ತಟ್ಟಿ ನೋಡೋ ಹಾಗೆ.

ಮೇಲಿನ ಜೇಡನ ಬಲೆ ಬಿರುಕು ನೋಡಿ ಹೆದರೋರು ಜಾಸ್ತಿ. ಎಷ್ಟೋ ಸಲ ಅದು ಮೇಲಿನ ಬಣ್ಣದ ಪದರ, ಅಂದ್ರೆ ಜೆಲ್‌ಕೋಟ್‌ನದ್ದು ಮಾತ್ರ. ನಿಜವಾಗಿ ಹೆದರಬೇಕಾದ ಜಾಗ ಹಿಂಬದಿ, ಎಂಜಿನ್ ನೇತು ಹಾಕೋ ಹಲಗೆ. ಇದಕ್ಕೆ ಟ್ರಾನ್ಸಮ್ ಅಂತಾರೆ. ಫೈಬರ್ ದೋಣಿ ಪೂರ್ತಿ ಫೈಬರ್ ಅಂತ ನಾವು ಅಂದ್ಕೊಂಡಿರ್ತೀವಿ. ಟ್ರಾನ್ಸಮ್ ಒಳಗೆ ಸಾಮಾನ್ಯವಾಗಿ ಇರೋದು ಪ್ಲೈವುಡ್! ಎಂಜಿನ್ ಬೋಲ್ಟ್ ಹಾಕಿದ ತೂತಿನಿಂದ ನೀರು ಇಳಿಯುತ್ತೆ, ಒಳಗೇ ಉಳಿಯುತ್ತೆ, ವರ್ಷಗಟ್ಟಲೆ ಮರ ಕೊಳೆಯುತ್ತೆ. ಹೊರಗೆ ಫೈಬರ್ ನಗ್ತಾನೇ ಇರುತ್ತೆ. ಮುಳುಗಲ್ಲ ಅಂತ ಹೆಸರಾದ ಫೋಮ್ ತುಂಬಿದ ಹಳೇ ದೋಣಿಗಳಲ್ಲೂ ಇದೇ ಗೋಳು. ಫೋಮ್ ನೀರು ಕುಡಿದು ದೋಣಿ ಭಾರ ಆಗಿರುತ್ತೆ.

ಮರದ ದೋಣಿ ಕೆಟ್ರೆ ಕಾಣಿಸುತ್ತೆ, ವಾಸನೆ ಬರುತ್ತೆ, ಬೆರಳಿಟ್ರೆ ಒಳಗೆ ಹೋಗುತ್ತೆ. ಫೈಬರ್ ಮುಚ್ಚಿಡುತ್ತೆ. ಕೊಳೆತ ಟ್ರಾನ್ಸಮ್ ಇಟ್ಕೊಂಡು ಅಳಿವೆ ದಾಟೋಕೆ ಹೋದ್ರೆ, ಎಂಜಿನ್ ಪೂರ್ತಿ ಜೋರಲ್ಲಿರೋ ಹೊತ್ತಿಗೆ, ಎದುರು ಅಲೆ ಬಂದಾಗ, ಹಲಗೆ ಎಂಜಿನ್ ಸಮೇತ ಕಿತ್ತು ಬರಬಹುದು. ಆಮೇಲೆ ದೋಣಿಯಲ್ಲಿರೋರ ಗತಿ ಏನು ಅಂತ ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಒಳಗಿನಿಂದ ಸಣ್ಣ ಡ್ರಿಲ್ ಹಾಕಿ ನೋಡಿ. ಒಣಗಿದ ತಿಳಿ ಬಣ್ಣದ ಪುಡಿ ಬಂದ್ರೆ ಬಚಾವ್. ಕಪ್ಪಗೆ, ಒದ್ದೆಯಾಗಿ, ಕೊಳೆತ ವಾಸನೆ ಬಂದ್ರೆ ಆ ಪ್ಲೈವುಡ್ ಪೂರ್ತಿ ತೆಗೆದು ಹೊಸದು ಹಾಕಲೇಬೇಕು. ಮೇಲೆ ಬಣ್ಣ ಬಳಿದು ಮಾರೋದು ಮೋಸ. ಅದು ಬೇರೆಯವರ ಜೀವದ ಜೊತೆ ಆಟ.

ಬಕೆಟ್ಟು, ಬ್ರಷ್ಷು ಮತ್ತು ತಾಳ್ಮೆ

ಇನ್ನು ಬಿರುಕು ಸರಿ ಮಾಡೋ ಕೆಲಸ. ಫೈಬರ್‌ನ ದೊಡ್ಡ ಗುಣ ಇಲ್ಲಿದೆ: ಕಾರ್ಖಾನೆಯಲ್ಲಿ ದೋಣಿ ಮಾಡಿದ ವಿಧಾನವೂ ಮನೆಯಲ್ಲಿ ರಿಪೇರಿ ಮಾಡೋ ವಿಧಾನವೂ ಒಂದೇ. ಮ್ಯಾಟ್ ಹಾಸು, ರೆಸಿನ್ ಕುಡಿಸು, ರೋಲರ್ ಎಳೆದು ಗಾಳಿಗುಳ್ಳೆ ತೆಗೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1991ರಲ್ಲೇ ಫೈಬರ್ ಮೀನುಗಾರಿಕಾ ದೋಣಿ ಕಟ್ಟೋದರ ಬಗ್ಗೆ ಕೈಪಿಡಿ ಹೊರತಂದಿತ್ತು. ಅಂದ್ರೆ ಇದು ಯಾರದ್ದೋ ಗುಟ್ಟಿನ ವಿದ್ಯೆ ಅಲ್ಲ.

ಬಿರುಕಿನ ಮೇಲೆ ಪಟ್ಟಿ ಅಂಟಿಸಿ ಬಿಟ್ರೆ ನಿಲ್ಲಲ್ಲ. ಹಾಳಾದ ಭಾಗ ಕೆರೆದು, ಸುತ್ತ ಇಳಿಜಾರು ಮಾಡಬೇಕು. ಲೆಕ್ಕ ಹನ್ನೆರಡಕ್ಕೆ ಒಂದು. ಮೈ ದಪ್ಪ 6 ಮಿ.ಮೀ. ಇದ್ರೆ ತೂತಿನ ಅಂಚಿನಿಂದ ಸುತ್ತಲೂ 7 ಸೆಂ.ಮೀ.ವರೆಗೆ ಇಳಿಜಾರು. ಹೊಸ ಪದರ ಹಳೆಯದನ್ನ ಹಿಡ್ಕೊಳ್ಳೋಕೆ ಅಷ್ಟು ಜಾಗ ಬೇಕು. ಮ್ಯಾಟ್‌ನ ತೂಕಕ್ಕೆ ಎರಡರಿಂದ ಎರಡೂವರೆ ಪಟ್ಟು ರೆಸಿನ್. ಹಾರ್ಡ್ನರ್ ನೂರಕ್ಕೆ ಒಂದರಿಂದ ಎರಡು ಭಾಗ. ಜಾಸ್ತಿ ಹಾಕಿದ್ರೆ ಬೇಗ ಗಟ್ಟಿ ಆಗುತ್ತೆ ಅಂತ ಸುರಿದ್ರೆ ಬಿಸಿ ಏರಿ ಪದರ ಬಿರುಕು ಬಿಡುತ್ತೆ. ಮಳೆಗಾಲದ ತೇವದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಮಳೆ ಪೂರ್ತಿ ಹೋಗಿ, ದೋಣಿ ಕೆಲವು ವಾರ ನೆರಳಲ್ಲಿ ಒಣಗಿದ ಮೇಲೆ ಶುರು ಮಾಡಿ.

ಎರಡು ಎಚ್ಚರಿಕೆ ಗಟ್ಟಿ ದನಿಯಲ್ಲಿ ಹೇಳ್ತೀನಿ. ಒಂದು, ಹಾರ್ಡ್ನರ್ ಮತ್ತು ಕೋಬಾಲ್ಟ್ ಎರಡನ್ನೂ ನೇರವಾಗಿ ಬೆರೆಸಲೇಬೇಡಿ, ಸ್ಫೋಟ ಆಗಬಹುದು. ಮೊದಲು ಒಂದನ್ನ ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಇನ್ನೊಂದು. ಅಂಗಡಿಯಲ್ಲಿ ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಸಿಕ್ರೆ ಅದನ್ನೇ ತಗೊಳ್ಳಿ. ಎರಡು, ಹಾರ್ಡ್ನರ್ ಕಣ್ಣಿಗೆ ಸಿಡಿದ್ರೆ ದೃಷ್ಟಿ ಹೋಗಬಹುದು. ಕನ್ನಡಕ, ಕೈಗವಸು, ಆವಿ ತಡೆಯೋ ಮಾಸ್ಕ್ ಇಲ್ಲದೆ ಡಬ್ಬಿ ಮುಚ್ಚಳ ತೆಗೀಬೇಡಿ. ಮೂತಿಗೆ ಕರ್ಚೀಫ್ ಕಟ್ಟಿದ್ರೆ ಸಾಕು ಅನ್ನೋದು ತಪ್ಪು.

ಸಾಯದ ದೋಣಿಯನ್ನ ಏನು ಮಾಡೋದು?

ಈಗ ಮೊದಲು ಕೇಳಿದ ಎರಡನೇ ಉತ್ತರಕ್ಕೆ ಬರೋಣ. "ಬಿಸಾಡುದು ಎಲ್ಲಿಗೆ?"

ಮರದ ದೋಣಿಗೆ ಸಾವಿತ್ತು. ಹಳೇ ಹಲಗೆ ಒಲೆಗೆ ಹೋಗ್ತಿತ್ತು, ಉಳಿದದ್ದು ಮಣ್ಣಾಗ್ತಿತ್ತು. ಕಬ್ಬಿಣ ಆದ್ರೆ ಗುಜರಿಯವನು ದುಡ್ಡು ಕೊಟ್ಟು ಒಯ್ತಾನೆ. ಫೈಬರ್‌ನ ಯಾರೂ ಮುಟ್ಟಲ್ಲ. ಒಮ್ಮೆ ಗಟ್ಟಿಯಾದ ರೆಸಿನ್ ಮತ್ತೆ ಕರಗಲ್ಲ, ಸುಟ್ರೆ ವಿಷದ ಹೊಗೆ, ಹೂತ್ರೆ ಹಾಗೇ ಇರುತ್ತೆ. ಕೊಳೆಯಲ್ಲ ಅನ್ನೋ ವರವೇ ಶಾಪ ಆಯ್ತು. 1960, 70ರ ದಶಕದಲ್ಲಿ ರಾಶಿ ರಾಶಿ ದೋಣಿ ಮಾಡಿದ ದೇಶಗಳು ಈಗ ಅದೇ ಚಿಂತೆಯಲ್ಲಿವೆ. ಫ್ರಾನ್ಸ್‌ನಲ್ಲಿ 2019ರಿಂದ ಹಳೇ ದೋಣಿಗಳನ್ನ ಸಂಗ್ರಹಿಸಿ ಬಿಚ್ಚೋಕೆ ಪ್ರತ್ಯೇಕ ವ್ಯವಸ್ಥೆ ನಡೀತಿದೆ.

2024ರಲ್ಲಿ ಇಂಗ್ಲೆಂಡಿನ ಚಿಚೆಸ್ಟರ್ ಬಂದರಿನಿಂದ ಇನ್ನೊಂದು ಸುದ್ದಿ ಬಂತು. ಅಲ್ಲಿನ ಸಿಂಪಿ ಮತ್ತು ಮಸ್ಸೆಲ್‌ಗಳ ಮೈಯಲ್ಲಿ, ನಾವು ಮರುವಾಯಿ ಅಂತ ತಿನ್ನೋ ಚಿಪ್ಪಿನ ಜೀವಿಗಳ ಬಳಗದವೇ ಅವು, ವಿಜ್ಞಾನಿಗಳಿಗೆ ಗಾಜಿನ ಎಳೆಯ ಚೂರುಗಳು ಸಿಕ್ಕವು. ಒಂದು ಮುಖ್ಯ ಮೂಲ ಹಳೇ ಫೈಬರ್ ದೋಣಿಗಳು. ಬರೀ ಬಿಟ್ಟುಹೋದ ದೋಣಿ ಅಷ್ಟೇ ಅಲ್ಲ, ದಡದಲ್ಲಿ ದೋಣಿ ಉಜ್ಜಿ ರಿಪೇರಿ ಮಾಡುವಾಗ ಹಾರೋ ಪುಡಿ ಕೂಡ.

ಅಂದ್ರೆ ರಿಪೇರಿನೂ ತಪ್ಪಾ? ತಪ್ಪು ರಿಪೇರಿ ಅಲ್ಲ, ಪುಡಿ ಹೊಳೆಗೆ ಬಿಡೋದು. ನೆಲಕ್ಕೆ ಟಾರ್ಪಾಲ್ ಹಾಸಿ, ಒದ್ದೆ ಮಾಡಿ ಉಜ್ಜಿ, ಪುಡಿನ ಗುಡಿಸಿ ಚೀಲದಲ್ಲಿ ಕಟ್ಟಿಡಿ. ಹೊಳೆ ದಂಡೆಯಲ್ಲಿ ಗ್ರೈಂಡರ್ ಹಿಡೀಬೇಡಿ. ಅದೇ ಹೊಳೆಯ ಮರುವಾಯಿ ನಾಳೆ ನಮ್ಮ ತಟ್ಟೆಗೆ ಬರೋದು.

ಮತ್ತೆ ಶುರುವಿಗೆ ಬರ್ತೀನಿ. ದೋಣಿ ಇಟ್ಕೊಳ್ಳೋದು ಅಂದ್ರೇನೇ ರಿಪೇರಿ, ಇದು ನಮ್ಮ ಹಿರಿಯರಿಗೆ ಗೊತ್ತಿತ್ತು. ವರ್ಷ ವರ್ಷ ಎಣ್ಣೆ ಹಚ್ಚಿ, ಹೊಲಿಗೆ ಬಿಗಿ ಮಾಡಿ, ಮರದ ದೋಣಿಯನ್ನ ಮಕ್ಕಳ ಕೈಗೆ ಕೊಡ್ತಿದ್ರು. ಫೈಬರ್ ಬಂದಾಗ ಆ ಕೆಲಸ ಮುಗೀತು ಅಂತ ನಮಗೆ ಹೇಳಿದ್ರು, ನಾವೂ ನಂಬಿದ್ವಿ. ತೊಂಬತ್ತು ವರ್ಷದ ಇತಿಹಾಸ ತೋರಿಸೋದು ಬೇರೆ. ಎಸೆಯೋಕೆ ಜಾಗ ಇಲ್ಲದ ವಸ್ತುವಿಗೆ ಆರೈಕೆ ಇನ್ನೂ ಜಾಸ್ತಿ ಬೇಕು. ಹಿತ್ತಲಿನ ಒಂದು ಹಳೇ ದೋಣಿ ಸರಿಯಾಗಿ ರಿಪೇರಿ ಆದ್ರೆ ಕಡಲಿಗೆ ಹೋಗೋರು ಸುರಕ್ಷಿತವಾಗಿ ವಾಪಸ್ ಬರ್ತಾರೆ. ಒಂದು ಹೊಸ ದೋಣಿಯ ರೆಸಿನ್ ಉಳಿಯುತ್ತೆ. ಹೊಳೆ ದಂಡೆಯಲ್ಲಿ ಒಂದು ಅಸ್ಥಿಪಂಜರ ಕಮ್ಮಿ ಆಗುತ್ತೆ.

ಮುಂದಿನ ಸಲ ಅಂಥ ದೋಣಿ ಕಂಡ್ರೆ ಮನೆಯವರ ಅನುಮತಿ ಕೇಳಿ ಒಮ್ಮೆ ನಾಣ್ಯದಿಂದ ತಟ್ಟಿ ನೋಡಿ. ಅದು ಟಣ್ ಅಂತೋ, ಡಬ್ ಅಂತೋ, ನಮಗೆ ಹೇಳಿ. ನಿಮ್ಮ ಊರಲ್ಲಿ ಮರದ ದೋಣಿಗೆ ಎಣ್ಣೆ ಹಚ್ಚಿದ್ದು ನೆನಪಿರೋ ಅಜ್ಜ ಇದ್ರೆ ಅವರ ಮಾತನ್ನ ಇವತ್ತೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ದೋಣಿ ಕೊಳೆಯದೆ ಉಳಿಯುತ್ತೆ, ಆ ನೆನಪು ಉಳಿಯಲ್ಲ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.